ಎಕ್ಸ್-ಪ್ರೊ2 ಕೊಟ್ಟು ಎಕ್ಸ್-ಟಿ2 ಇಟ್ಟುಕೊಂಡೆ: ಕನ್ನಡಕದವರಿಗಾಗಿ ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾದದ್ದು ಎಕ್ಸ್-ಟಿ2. ಆದರೆ ನಾನು ಮೊದಲು ದುಡ್ಡು ಕೊಟ್ಟು ತಂದದ್ದು ಎಕ್ಸ್-ಪ್ರೊ2. ಎರಡು ಕ್ಯಾಮೆರಾಗಳೂ ಫ್ಯೂಜಿಫಿಲ್ಮ್‌ನವೇ. ಎಂಟು ತಿಂಗಳು ಪ್ರೊ2 ಬಳಸಿದೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ಗೆಳೆಯನೊಬ್ಬ ತನ್ನ ಟಿ2 ಕೊಟ್ಟು ಊರಿಗೆ ಹೋದ. ಮೂರು ವಾರ ಎರಡೂ ನನ್ನ ಕೈಯಲ್ಲಿದ್ದವು. ಆ ಮೂರು ವಾರದಲ್ಲೇ ತೀರ್ಮಾನ ಆಗಿಹೋಯಿತು. ಹಳೇ ಕ್ಯಾಮೆರಾ ಕೊಳ್ಳಲು ಹುಡುಕುತ್ತಿರುವವರು, ಅದರಲ್ಲೂ ಕನ್ನಡಕ ಹಾಕುವವರು, ನನ್ನ ಹಾಗೆ ಎರಡು ಸಲ ಖರ್ಚು ಮಾಡುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ದೂರ, ಕಾಫಿ ತೋಟದ ನಡುವೆ. ಫೋಟೊ ತೆಗೆಯುವುದು ನನ್ನ ಕಸುಬಲ್ಲ, ಆಸೆ ಅಷ್ಟೇ. ನೆಂಟರ ಮದುವೆ, ಊರ ಹಬ್ಬ, ಗದ್ದೆ ನಾಟಿ, ಕಾಫಿ ಹೂವು ಇವೇ ನನ್ನ ಚಿತ್ರಗಳು. ಲೆನ್ಸ್ ಎರಡೇ: 35 ಎಂಎಂ ಎಫ್2 ಒಂದು, 18-55 ಝೂಮ್ ಒಂದು. ಹಕ್ಕಿ ಹಿಂದೆ ಹೋಗುವವನಲ್ಲ. ವಿಡಿಯೋ ಮಾಡುವುದಿಲ್ಲ. ಮುಂದೆ ಹೇಳುವುದನ್ನೆಲ್ಲ ಈ ಲೆಕ್ಕದಲ್ಲೇ ಓದಿ.

ಎರಡು ಕ್ಯಾಮೆರಾಗಳೂ 2016ರವು. ಒಳಗಿನ 24 ಮೆಗಾಪಿಕ್ಸೆಲ್ ಸೆನ್ಸರ್ ಒಂದೇ. ಬ್ಯಾಟರಿ ಒಂದೇ ಬಗೆಯದು. ಎರಡರಲ್ಲೂ ಎರಡೆರಡು ಕಾರ್ಡ್ ಹಾಕಬಹುದು. ಒಂದೇ ಲೆನ್ಸ್ ಹಾಕಿ, ಒಂದೇ ಜಾಗದಲ್ಲಿ ನಿಂತು ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಯಾವುದು ಯಾವುದರದ್ದು ಅಂತ ಹೇಳಲಾಗಲಿಲ್ಲ. ಹಾಗಾಗಿ ಚಿತ್ರದ ಗುಣಮಟ್ಟದ ಮಾತು ಇಲ್ಲಿಗೆ ಮುಗಿಯಿತು. ಬೇರೆ ಇರುವುದು ಕಣ್ಣಿಡುವ ಕಿಂಡಿ, ಅಂದರೆ ವ್ಯೂಫೈಂಡರ್.

ಟಿ2ನ ಕಿಂಡಿ ಲೆನ್ಸಿನ ನೇರ ಮೇಲೆ, ನಡುವಿನಲ್ಲಿದೆ. ಒಳಗೆ ಪುಟ್ಟ ಪರದೆ. ಸೆನ್ಸರ್‌ಗೆ ಏನು ಕಾಣುತ್ತದೋ ಅದನ್ನೇ ತೋರಿಸುತ್ತದೆ. ಚಿತ್ರ ಕಪ್ಪಾಗುವುದಿದ್ದರೆ ಕಪ್ಪಾಗಿಯೇ ತೋರಿಸುತ್ತದೆ. ಪ್ರೊ2ನ ಕಿಂಡಿ ಎಡ ಮೂಲೆಯಲ್ಲಿದೆ. ಅದರಲ್ಲಿ ಎರಡು ಬಗೆಯ ನೋಟ. ಒಂದು, ಬರೀ ಗಾಜು. ಕಿಟಕಿಯಿಂದ ನೋಡಿದ ಹಾಗೆ ಎದುರಿನದ್ದೆಲ್ಲ ಕಾಣುತ್ತದೆ, ಅದರ ಮೇಲೆ ಬೆಳಕಿನ ಗೆರೆಯ ಚೌಕಟ್ಟು. ಚೌಕಟ್ಟಿನ ಒಳಗಿದ್ದದ್ದು ಚಿತ್ರಕ್ಕೆ ಬರುತ್ತದೆ. ಮುಂದಿರುವ ಒಂದು ಪುಟ್ಟ ಲಿವರ್ ಎಳೆದರೆ ಗಾಜು ಹೋಗಿ ಟಿ2ನಂಥದ್ದೇ ಪರದೆ ಬರುತ್ತದೆ. ಗಾಜಿನ ನೋಟದ ಮೂಲೆಯಲ್ಲಿ ಚಿಕ್ಕ ಪರದೆಯನ್ನು ಕೂರಿಸಿಕೊಳ್ಳುವುದೂ ಆಗುತ್ತದೆ. ಕೇಳಿದರೆ ಯಾರಿಗಾದರೂ ಪ್ರೊ2ನೇ ಬೇಕು ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತು.

ಮೇ ತಿಂಗಳಲ್ಲಿ ಮೈಸೂರಿನ ಒಂದು ಅಂಗಡಿಯಲ್ಲಿ 58 ಸಾವಿರಕ್ಕೆ ಹಳೇ ಪ್ರೊ2 ತಗೊಂಡೆ. ಅಂಗಡಿಯಲ್ಲಿ ಕನ್ನಡಕವನ್ನು ಹಣೆ ಮೇಲೆ ಏರಿಸಿ ನೋಡಿದೆ. ಎಲ್ಲ ಚೆನ್ನಾಗಿ ಕಂಡಿತು. ಅಲ್ಲೇ ತಪ್ಪಿದ್ದು.

ಅದೇ ವಾರ ಗೆಳೆಯನ ತಂಗಿಯ ಮದುವೆ. ಕೊಡವರ ಮದುವೆಯಲ್ಲಿ ಗಂಗಾಪೂಜೆ ನೋಡಿದವರಿಗೆ ಗೊತ್ತು. ಮದುಮಗಳು ಬಾವಿಯಿಂದ ನೀರಿನ ಕೊಡ ಹೊತ್ತು ಬರುತ್ತಾಳೆ. ವರನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿ ಕಟ್ಟುತ್ತಾರೆ. ಕುಣಿತ ಮುಗಿಯುವವರೆಗೆ ಅವಳು ಒಂದೊಂದೇ ಹೆಜ್ಜೆ ಇಡುತ್ತ ಬರಬೇಕು. ಕತ್ತಲು, ಒಂದು ಕಡೆಯಿಂದ ವಿಡಿಯೋದವರ ಲೈಟು, ಸುತ್ತ ಕುಪ್ಯ (ಕರಿ ನಿಲುವಂಗಿ), ಚೇಲೆ (ಸೊಂಟಪಟ್ಟಿ) ತೊಟ್ಟವರ ಗುಂಪು. ಮದುವೆ ಮನೆಯಲ್ಲಿ ಕನ್ನಡಕ ತೆಗೆಯಲು ಆಗುವುದಿಲ್ಲ. ಹಾಕಿಕೊಂಡೇ ಗಾಜಿನ ಕಿಂಡಿಗೆ ಕಣ್ಣಿಟ್ಟೆ. ಚೌಕಟ್ಟಿನ ಎರಡು ಮೂಲೆ ಕಂಡರೆ ಇನ್ನೆರಡು ಕಾಣುವುದಿಲ್ಲ. ಕೆಳಗಿನ ಅಂಕಿಗಳು ಅರ್ಧ ಮಾಯ. ಎಡಬದಿಯಲ್ಲಿ ಬೆಳಕು ಹೆಚ್ಚೋ ಕಡಿಮೆಯೋ ಅಂತ ತೋರಿಸುವ ಮಾಪಕ ಪೂರ್ತಿ ಮರೆ.

ನೂಕುನುಗ್ಗಲಿನಲ್ಲಿ ಬೆಳಕು ಸರಿಮಾಡುವ ಡಯಲ್ ನನ್ನ ಕೈ ತಾಗಿ ಮೈನಸ್ 1.3ಕ್ಕೆ ತಿರುಗಿತ್ತು. ಮಾಪಕ ಕಂಡಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಗಾಜಿನ ನೋಟದಲ್ಲಿ ಚಿತ್ರ ಕಪ್ಪಾಗುವುದು ಕಾಣುವುದಿಲ್ಲ, ಅದು ಬರೀ ಗಾಜು. ಇಡೀ ಗಂಗಾಪೂಜೆ ಕಪ್ಪಾಗಿ ಬಂತು. ಕೆಲವದರಲ್ಲಿ ಹಿಂದೆ ನಿಂತ ಅಜ್ಜಿಯರ ತಲೆ ಕತ್ತರಿಸಿ ಹೋಗಿತ್ತು. ರಾ ಫೈಲ್, ಅಂದರೆ ಸೆನ್ಸರ್ ಹಿಡಿದ ಮೂಲ ಮಾಹಿತಿ, ಇದ್ದದ್ದರಿಂದ ಬೆಳಕು ಎತ್ತಿ ಒಂದಷ್ಟು ಉಳಿಸಿದೆ. ಹೋದ ತಲೆಗಳನ್ನು ತರಲಾಗಲಿಲ್ಲ. ಆ ಮನೆಯ ಹಿರಿಯರೊಬ್ಬರು ಆಲ್ಬಮ್ ನೋಡಿ "ನಮ್ಮ ಅಕ್ಕ ಇದ್ದರಲ್ಲ, ಎಲ್ಲಿ ಹೋದರು ಮಗಾ?" ಅಂತ ಕೇಳಿದಾಗ ತುಂಬ ಬೇಜಾರಾಯಿತು.

ಕ್ಯಾಮೆರಾ ಕೆಟ್ಟಿರಲಿಲ್ಲ. ಅದರ ಕಿಂಡಿಗೂ ನನ್ನ ಕನ್ನಡಕಕ್ಕೂ ಹೊಂದಾಣಿಕೆ ಇರಲಿಲ್ಲ, ಅಷ್ಟೇ. ಆಮೇಲೆ ಓದಿ ತಿಳಿದೆ, ಇದಕ್ಕೊಂದು ಅಳತೆ ಇದೆ, ಐ ಪಾಯಿಂಟ್ ಅಂತ. ಕಿಂಡಿಯಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರ ಇದ್ದರೆ ಇಡೀ ನೋಟ ಕಾಣುತ್ತದೆ ಅನ್ನುವ ಅಳತೆ ಅದು. ಪ್ರೊ2ನಲ್ಲಿ ಅದು 16 ಮಿಲಿಮೀಟರ್. ಟಿ2ನಲ್ಲಿ 23 ಮಿಲಿಮೀಟರ್. ಏಳೇ ಮಿಲಿಮೀಟರ್ ವ್ಯತ್ಯಾಸ ಅಂತ ಸುಮ್ನೆ ಬಿಡಬೇಡಿ. ಕನ್ನಡಕದ ಗಾಜು, ಅದಕ್ಕೂ ಕಣ್ಣಿಗೂ ನಡುವಿನ ಸಂದು, ಕಿಂಡಿಯ ರಬ್ಬರ್ ಎಲ್ಲ ಸೇರಿದರೆ 16 ಮುಗಿದೇ ಹೋಗುತ್ತದೆ. 23 ಇದ್ದರೆ ಇನ್ನೂ ಜಾಗ ಉಳಿಯುತ್ತದೆ. ಅದರ ಮೇಲೆ ಟಿ2ನ ನೋಟವೇ ದೊಡ್ಡದು. ಪರದೆಯ ನೋಟದ ಗಾತ್ರ ಪ್ರೊ2ನಲ್ಲಿ 0.59 ಪಟ್ಟು, ಟಿ2ನಲ್ಲಿ 0.77 ಪಟ್ಟು. ದೊಡ್ಡದಾಗಿಯೂ ಕಾಣುತ್ತದೆ, ದೂರದಿಂದಲೂ ಕಾಣುತ್ತದೆ. ಗೆಳೆಯನ ಟಿ2ಗೆ ಮೊದಲ ಸಲ ಕಣ್ಣಿಟ್ಟಾಗ ನಾಲ್ಕೂ ಮೂಲೆ ಒಟ್ಟಿಗೆ ಕಂಡವು. ಮೇ ತಿಂಗಳಿಂದ ಅದೇ ಮೊದಲು.

ಕನ್ನಡಕ ತೆಗೆದು, ಕಿಂಡಿ ಪಕ್ಕದ ಚಕ್ರ ತಿರುಗಿಸಿ ನಂಬರ್ ಹೊಂದಿಸಿಕೊಳ್ಳಬಹುದಲ್ಲ ಅಂತ ಕೇಳಬಹುದು. ಎರಡರಲ್ಲೂ ಆ ಚಕ್ರ ಇದೆ. ಮಾಡಿ ನೋಡಿದೆ. ನನಗೆ ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಂನ ನಂಬರ್) ಇದೆ, ಅದನ್ನು ಈ ಚಕ್ರ ಸರಿಮಾಡುವುದಿಲ್ಲ. ಸರಿಮಾಡಿದರೂ ಪ್ರತಿ ಚಿತ್ರಕ್ಕೆ ಕನ್ನಡಕ ಜೇಬಿಗೆ, ಮತ್ತೆ ಮುಖಕ್ಕೆ ಅಂದರೆ ಎಷ್ಟು ದಿನ ಮಾಡಲಾಗುತ್ತದೆ? ಗಾಜಿನ ನೋಟವನ್ನು 0.60ರಿಂದ 0.36 ಪಟ್ಟಿಗೆ ಇಳಿಸಿಯೂ ನೋಡಿದೆ. ಆಗ 35ರ ಚೌಕಟ್ಟು ಪೂರ್ತಿ ಕಂಡಿತು, ನಿಜ. ಆದರೆ ಅಂಗಳದ ಆಚೆ ನಿಂತವರ ಮುಖ ಗುರುತೇ ಸಿಗದಷ್ಟು ಚಿಕ್ಕದಾಯಿತು. ಯಾರು ಕಣ್ಣು ಮುಚ್ಚಿದರು, ಯಾರು ನಕ್ಕರು ಗೊತ್ತಾಗುವುದಿಲ್ಲ.

ಆಮೇಲೆ ಮಳೆಗಾಲ ಬಂತು. ನಮ್ಮ ಕಡೆ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಎರಡು ಕ್ಯಾಮೆರಾಗಳೂ ತುಂತುರು ತಡೆಯುತ್ತವೆ, 35 ಲೆನ್ಸ್ ಕೂಡ ತಡೆಯುತ್ತದೆ. 18-55 ತಡೆಯುವುದಿಲ್ಲ, ಹಾಗಾಗಿ ಅದು ಡಬ್ಬಿಯಲ್ಲೇ ಇರುತ್ತದೆ. ಜುಲೈನಲ್ಲಿ ಗದ್ದೆ ನಾಟಿಗೆ ಹೋದಾಗ ಪ್ರೊ2ನ ಇನ್ನೊಂದು ವಿಷಯ ಗೊತ್ತಾಯಿತು. ಗಾಜಿನ ಕಿಂಡಿಗೆ ಮುಂದೆ ಒಂದು ಕಿಟಕಿ ಇದೆ. ಅದಕ್ಕೆ ಲೆನ್ಸಿಗಿರುವ ಹಾಗೆ ಹುಡ್, ಅಂದರೆ ಮುಂದಕ್ಕೆ ಚಾಚಿದ ಮರೆ, ಇಲ್ಲ. ಒಂದು ಹನಿ ಅದರ ಮೇಲೆ ಕೂತರೆ ನೋಟ ಪೂರ್ತಿ ಮಂಜು. ಒರೆಸಿದರೆ ಗೆರೆ ಬೀಳುತ್ತದೆ. ಹಿಂದೆ ನನ್ನ ಕನ್ನಡಕದ ಮೇಲೂ ಹನಿ. ಮೂರು ಗಾಜು ಒರೆಸಿ ಮುಗಿಸುವಷ್ಟರಲ್ಲಿ ನಾಟಿಯ ಹೆಂಗಸರು ಮುಂದಿನ ಪಾತಿಗೆ ಹೋಗಿರುತ್ತಿದ್ದರು. ಕೊನೆಗೆ ಮಳೆಗಾಲ ಪೂರ್ತಿ ಪರದೆಯ ನೋಟದಲ್ಲೇ ಕೆಲಸ ಮಾಡಿದೆ. ಪರದೆಯಲ್ಲೇ ನೋಡುವುದಾದರೆ ಜಾಸ್ತಿ ದುಡ್ಡು ಕೊಟ್ಟು ಗಾಜಿನ ಕಿಂಡಿ ಯಾಕೆ? ಈ ಪ್ರಶ್ನೆ ಆಗಿನಿಂದಲೇ ತಲೆಯಲ್ಲಿ ಕೊರೆಯುತ್ತಿತ್ತು.

ಮಳೆಗಾಲದ ಮಾತು ಬಂತು ಅಂತ ಬೂಷ್ಟಿನ ಬಗ್ಗೆ ಒಂದು ಮಾತು: ಯಾವ ಕ್ಯಾಮೆರಾ ಆದರೂ ಇಲ್ಲಿ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಬೇಕೇ ಬೇಕು. ಚರ್ಮದ ಚೀಲದಲ್ಲಿ ಮುಚ್ಚಿ ಬೀರುವಿನಲ್ಲಿಟ್ಟರೆ ಒಂದೇ ಮಳೆಗಾಲಕ್ಕೆ ಲೆನ್ಸ್ ಹೋಗುತ್ತದೆ.

ಪ್ರೊ2 ಗೆದ್ದ ಜಾಗವೂ ಇದೆ. ಮಡಿಕೇರಿ ದಸರಾದಲ್ಲಿ ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪಗಳು ಬೆಳಗಿನವರೆಗೆ ಮೆರವಣಿಗೆ ಬರುತ್ತವೆ. ಸುತ್ತ ಕತ್ತಲು, ನಡುವೆ ಕಣ್ಣು ಕೋರೈಸುವ ಲೈಟು, ಹೊಗೆ. ಪರದೆಯ ನೋಟದಲ್ಲಿ ಅಂಥ ಬೆಳಕು ಮಿನುಗುತ್ತದೆ, ಅಡ್ಡ ಪಟ್ಟಿ ಓಡುತ್ತದೆ. ಒಂದು ಗಂಟೆ ಕಣ್ಣಿಟ್ಟರೆ ಸಾಕು, ಕಣ್ಣು ನೋಯುತ್ತದೆ. ಗಾಜಿನಲ್ಲಿ ಆ ಗೋಜಿಲ್ಲ. ನಾಲ್ಕು ಮೂಲೆ ಕಾಣದಿದ್ದರೂ ಆ ರಾತ್ರಿ ಗಾಜಿನಲ್ಲೇ ನೋಡಿದೆ. ಬ್ಯಾಟರಿಯೂ ಹೆಚ್ಚು ಹೊತ್ತು ಬಂತು.

ಪುತ್ತರಿ ಕೋಲಾಟದಲ್ಲೂ ಹಾಗೇ. ಮಂದ್‌ನಲ್ಲಿ (ಊರವರು ಸೇರುವ ಬಯಲಿನಲ್ಲಿ) ಗಂಡಸರು ಸುತ್ತು ಕಟ್ಟಿ ಬೆತ್ತದ ಕೋಲು ಹೊಡೆಯುತ್ತ ಆಡುತ್ತಾರೆ. ಗಾಜಿನಲ್ಲಿ ಚೌಕಟ್ಟಿನ ಹೊರಗಿನದ್ದೂ ಕಾಣುವುದರಿಂದ, ಮುಂದೆ ಯಾರು ಒಳಗೆ ಬರುತ್ತಾರೆ ಅಂತ ಮೊದಲೇ ಗೊತ್ತಾಗುತ್ತದೆ. ಕ್ಷಣ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಟಿ2ನಲ್ಲಿ ಆಟಗಾರ ಥಟ್ಟನೆ ಪರದೆಯೊಳಗೆ ಬಂದುಬಿಡುತ್ತಾನೆ. ಆದರೆ ಹಿಂದಿನ ರಾತ್ರಿ ಕದಿರು, ಅಂದರೆ ಹೊಸ ಭತ್ತದ ತೆನೆ, ಕೊಯ್ಯುವಾಗ ಲೆಕ್ಕ ತಿರುಗಿತು. ಗದ್ದೆಯಲ್ಲಿ ಬೆಳದಿಂಗಳು, ಕೈಯಲ್ಲಿ ದೀಪ, "ಪೊಲಿ ಪೊಲಿ ದೇವಾ" ಅನ್ನುವ ಕೂಗು. ಟಿ2ನ ಪರದೆ ಸ್ವಲ್ಪ ಮರಳು ಮರಳಾಗಿ ಕಂಡರೂ, ದೀಪದ ಬೆಳಕು ಕದಿರಿನ ಮೇಲೆ ಎಷ್ಟು ಬೀಳುತ್ತಿದೆ ಅಂತ ಇದ್ದ ಹಾಗೆ ತೋರಿಸಿತು. ನೋಡಿದ್ದೇ ಚಿತ್ರವಾಯಿತು. ಮನೆಗೆ ಬಂದು ಅಳಿಸಿದ್ದು ಬಹಳ ಕಡಿಮೆ.

ಝೂಮ್ ಹಾಕಿದರೆ ಪ್ರೊ2ನ ಗಾಜಿನ ನೋಟದ ಕೆಳಗಿನ ಬಲ ಮೂಲೆಗೆ ಲೆನ್ಸೇ ಅಡ್ಡ ಬರುತ್ತದೆ. 35 ಎಫ್2 ಮುಂದಕ್ಕೆ ಸಣ್ಣಗಾಗುವುದರಿಂದ ಅಷ್ಟು ತೊಂದರೆ ಇಲ್ಲ.

ಹತ್ತಿರದ ಹೂವಿಗೆ ಗಾಜಿನ ನೋಟ ಆಗುವುದಿಲ್ಲ. ಕಿಂಡಿ ಒಂದು ಕಡೆ, ಲೆನ್ಸ್ ಇನ್ನೊಂದು ಕಡೆ. ಹತ್ತಿರ ಹೋದಷ್ಟೂ ಎರಡರ ನೋಟ ಬೇರೆಯಾಗುತ್ತದೆ.

ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೊಂದಿಸುವ ಐಎಸ್ಒ ಡಯಲ್ ಪ್ರೊ2ನಲ್ಲಿ ಎತ್ತಿ ತಿರುಗಿಸಬೇಕು, ಟಿ2ನಲ್ಲಿ ಬೇರೆಯೇ ಡಯಲ್ ಇದೆ. ನನಗೆ ಎರಡನೆಯದು ಸುಲಭ.

ಮೂಗು? ಪ್ರೊ2ನಲ್ಲಿ ಮೂಗು ಪಕ್ಕಕ್ಕೆ ಹೋಗುತ್ತದೆ, ಟಿ2ನಲ್ಲಿ ಹಿಂದಿನ ಪರದೆಗೆ ಒತ್ತುತ್ತದೆ. ಒರೆಸಿಕೊಳ್ಳುತ್ತೇನೆ.

ಹಿಂದಿನ ಪರದೆಯ ವಿಷಯ ಮಾತ್ರ ಸಣ್ಣದಲ್ಲ. ಪ್ರೊ2ನದು ಅಲುಗಾಡುವುದಿಲ್ಲ. ಟಿ2ನದು ಮೇಲಕ್ಕೆ, ಕೆಳಕ್ಕೆ ಬಾಗುತ್ತದೆ, ಕ್ಯಾಮೆರಾ ಉದ್ದಕ್ಕೆ ಹಿಡಿದಾಗಲೂ ಒಂದು ಕಡೆಗೆ ತೆರೆಯುತ್ತದೆ. ಮಳೆಗಾಲದ ತೋಟದಲ್ಲಿ ಅಣಬೆ ಚಿತ್ರಕ್ಕೆ ಮಂಡಿಯೂರಿದವರಿಗೆ ಇದರ ಬೆಲೆ ಗೊತ್ತು. ಎರಡು ನಿಮಿಷ ನೆಲಕ್ಕೆ ಮಂಡಿ ಕೊಟ್ಟರೆ ಜಿಗಣೆ ಸಾಕ್ಸ್ ಒಳಗಿರುತ್ತದೆ. ಈಗ ನಿಂತಲ್ಲೇ ಬಗ್ಗಿ, ಕ್ಯಾಮೆರಾ ಕೆಳಗೆ ಹಿಡಿದು, ಮೇಲಿನಿಂದ ನೋಡುತ್ತೇನೆ.

ದುಡ್ಡಿನ ಲೆಕ್ಕ ಹೀಗೆ. ಜನವರಿಯಲ್ಲಿ ಟಿ2 ಹಳೆಯದು 43 ಸಾವಿರಕ್ಕೆ ಸಿಕ್ಕಿತು. ಪ್ರೊ2ನ್ನು ವಿರಾಜಪೇಟೆಯಲ್ಲಿರುವ ಅಣ್ಣನ ಮಗನಿಗೆ 50 ಸಾವಿರಕ್ಕೆ ಕೊಟ್ಟೆ. ಅವನಿಗೆ ಕನ್ನಡಕ ಇಲ್ಲ, ಒಂದೇ 23 ಎಂಎಂ ಲೆನ್ಸ್ ಇಟ್ಟುಕೊಂಡು ಸಂತೆ, ಜಾತ್ರೆ ಅಂತ ಓಡಾಡುವವನು. ಅವನ ಕಣ್ಣಿಗೆ ಆ ಗಾಜಿನ ಕಿಂಡಿ ಸರಿಯಾಗಿ ಕೂತಿದೆ. ನಿಮಗೂ ಕನ್ನಡಕ ಇಲ್ಲದಿದ್ದರೆ, ಜನರ ನಡುವೆ ಓಡಾಡಿ ಚಿತ್ರ ತೆಗೆಯುವವರಾದರೆ, ಪ್ರೊ2 ತಗೊಳ್ಳಿ, ಸಂತೋಷಪಡುತ್ತೀರಿ. ಕನ್ನಡಕ ಇದ್ದರೆ ಅಂಗಡಿಯಲ್ಲಿ ಅದನ್ನು ಹಾಕಿಕೊಂಡೇ ನೋಡಿ. ಕ್ಯಾಮೆರಾ ಅಡ್ಡ ಹಿಡಿದು ಒಮ್ಮೆ, ಉದ್ದಕ್ಕೆ ಹಿಡಿದು ಒಮ್ಮೆ. ಕಣ್ಣು ಆಚೀಚೆ ಸರಿಸದೆ ನಾಲ್ಕು ಮೂಲೆಯೂ ಅಂಕಿಗಳೂ ಕಾಣಬೇಕು. ಕಾಣದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂವು ಅರಳಿಸುವ ಮಳೆ) ಬಿದ್ದು ತೋಟ ಬೆಳ್ಳಗಾದಾಗ ಟಿ2 ಹಿಡಿದು ನಾಲ್ಕು ದಿನ ಬೆಳಿಗ್ಗೆ ತಿರುಗಿದೆ. ಬಿಳಿ ಹೂವಿನ ಬಿಳುಪು ಎಲ್ಲಿ ಕರಗಿಹೋಗುತ್ತಿದೆ ಅಂತ ಕಿಂಡಿಯಲ್ಲೇ ಕಾಣುತ್ತಿತ್ತು. ಡಯಲ್ ಎರಡು ಗೆರೆ ಕೆಳಗಿಳಿಸಿದರೆ ಎಸಳು ಮತ್ತೆ ಬರುತ್ತಿತ್ತು. ಆ ಚಿತ್ರಗಳಲ್ಲಿ ಒಂದನ್ನು ದೊಡ್ಡದು ಮಾಡಿಸಿ ಜಗಲಿಯಲ್ಲಿ ಹಾಕಿದ್ದೇವೆ.

ದಶಮಂಟಪದ ರಾತ್ರಿಗೆ ಮಾತ್ರ ಪ್ರೊ2 ಒಂದು ದಿನ ಕೊಡು ಅಂತ ಅಣ್ಣನ ಮಗನನ್ನು ಈಗಲೇ ಕೇಳಿಟ್ಟಿದ್ದೇನೆ. "ಆಯ್ತು ಚಿಕ್ಕಪ್ಪ, ಅವತ್ತು ಟಿ2 ನನಗೆ ಕೊಡಿ" ಅಂದಿದ್ದಾನೆ.