ಪುಟ್ಟ ವಿಮಾನಕ್ಕೆ ಹಳೇ ಪಲ್ಸ್ ರೇಡಿಯೋ: ಟೇಬಲ್ ಮೇಲೆ ಆಡಿದ್ದನ್ನು ನೋಡಿ ಕೊಳ್ಳಬೇಡಿ

‘ಹಳೇ ಪಲ್ಸ್ ಸೆಟ್ ರಿಪೇರಿ ಮಾಡಿ ಪುಟ್ಟ ವಿಮಾನಕ್ಕೆ ಹೊಂದಿಸಿದ್ದೇವೆ, ಬ್ಯಾಟರಿ ಹಾಕಿ ಹಾರಿಸಿದರೆ ಸಾಕು’ ಅಂತ ಯಾರಾದರೂ ಮಾರುತ್ತಿದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ಪಲ್ಸ್ ಸೆಟ್ ಅಂದರೆ ಆಟದ ವಿಮಾನವನ್ನು ನೆಲದಿಂದ ನಡೆಸುವ ಹಳೇ ರೇಡಿಯೋ: ಕೈಯಲ್ಲಿ ಟ್ರಾನ್ಸ್‌ಮಿಟರ್, ವಿಮಾನದಲ್ಲಿ ರಿಸೀವರ್. ಅಂಥದ್ದೇ ಒಂದು ಸೆಟ್ ನನ್ನ ಕೈಗೆ ಬಂತು. ಮಾರಿದವರು ಕಳಿಸಿದ ವಿಡಿಯೋದಲ್ಲಿ ರಡ್ಡರ್ (ವಿಮಾನವನ್ನು ತಿರುಗಿಸುವ ಬಾಲದ ಪಟ್ಟಿ) ಹೇಳಿದಂತೆ ಕೇಳುತ್ತಿತ್ತು. ಮೈದಾನದಲ್ಲಿ ಮೇಲೇರಿದ ವಿಮಾನ ಮಾತ್ರ ಬಾಲ ಒದರುತ್ತಾ ಹೋಗಿ, ಇದ್ದಕ್ಕಿದ್ದಂತೆ ಒಂದೇ ಕಡೆ ತಿರುಗತೊಡಗಿತು. ಆಮೇಲೆ ಟ್ರಾನ್ಸ್‌ಮಿಟರ್‌ಗೆ ಕಿವಿಯೇ ಕೊಡಲಿಲ್ಲ. ಸುರುಳಿ ಸುತ್ತಿಕೊಂಡು ಬಂದು ಜನ ನಿಂತಿದ್ದ ಜಾಗದ ಪಕ್ಕದಲ್ಲೇ ನೆಲಕ್ಕೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ವಿಮಾನ ಹಗುರ ಇರಬಹುದು, ಆದರೆ ಪೂರ್ತಿ ವೇಗದಲ್ಲಿ ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ತಾಗಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಆಮೇಲೆ ಎಲ್ಲವನ್ನೂ ಬಿಚ್ಚಿ ನೋಡಿದೆ. ತೊಂದರೆ ಒಂದು ಬಿಡಿಭಾಗದ್ದಲ್ಲ. ಈ ಹೊಂದಾಣಿಕೆಯ ಬುಡದಲ್ಲೇ ಇದೆ.

1950 ಮತ್ತು 60ರ ದಶಕದ ಪಲ್ಸ್ ಸೆಟ್‌ಗಳು ಕೆಲಸ ಮಾಡುವ ರೀತಿ ಬಹಳ ಚೆಂದ. ಟ್ರಾನ್ಸ್‌ಮಿಟರ್ ಸೆಕೆಂಡಿಗೆ ಹಲವು ಬಾರಿ ಸಿಗ್ನಲ್ ಕೊಟ್ಟು ನಿಲ್ಲಿಸುತ್ತದೆ. ಸಿಗ್ನಲ್ ಇದ್ದಾಗ ರಡ್ಡರ್ ಒಂದು ಕಡೆ, ಇಲ್ಲದಾಗ ಇನ್ನೊಂದು ಕಡೆ. ಕೊಡುವ ಹೊತ್ತು, ನಿಲ್ಲಿಸುವ ಹೊತ್ತು ಎರಡೂ ಸಮ ಇದ್ದರೆ ವಿಮಾನ ನೇರ ಹೋಗುತ್ತದೆ. ಒಂದು ಜಾಸ್ತಿಯಾದರೆ ಆ ಕಡೆ ತಿರುಗುತ್ತದೆ. ಅಂದರೆ ರಡ್ಡರ್ ಯಾವಾಗಲೂ ಎಡಕ್ಕೂ ಬಲಕ್ಕೂ ಬಡಿಯುತ್ತಲೇ ಇರುತ್ತದೆ. ಆ ಕಾಲದ ವಿಮಾನಗಳಿಗೆ ಗಾತ್ರವೂ ತೂಕವೂ ಇತ್ತು. ಒಂದೊಂದು ಬಡಿತಕ್ಕೂ ಅವು ಅಲುಗುತ್ತಿರಲಿಲ್ಲ, ಒಟ್ಟು ಸರಾಸರಿಯನ್ನಷ್ಟೇ ಪಾಲಿಸುತ್ತಿದ್ದವು.

ಅಂಗೈ ಅಗಲದ ವಿಮಾನಕ್ಕೆ ಆ ತೂಕ ಎಲ್ಲಿದೆ? ಅದು ಪ್ರತಿ ಬಡಿತಕ್ಕೂ ಮೂತಿ ತಿರುಗಿಸುತ್ತದೆ. ಹಾಗಾದರೆ ಪಲ್ಸ್ ವೇಗ ಹೆಚ್ಚಿಸಿದರೆ ಆಯಿತಲ್ಲ ಅನ್ನಬಹುದು. ಹಳೇ ರಿಸೀವರ್‌ನಲ್ಲಿ ರಿಲೇ (ಸಿಗ್ನಲ್‌ಗೆ ತಕ್ಕಂತೆ ಬಡಿಯುವ ಪುಟ್ಟ ಸ್ವಿಚ್) ಇದ್ದರೆ ಅದು ಅಷ್ಟು ಬೇಗ ಬಡಿಯಲಾರದು. ರಿಲೇ ಇಲ್ಲದಿದ್ದರೂ, ನಿಧಾನದ ಪಲ್ಸ್‌ಗೆಂದು ಮಾಡಿದ ಸರ್ಕ್ಯೂಟ್‌ನಲ್ಲಿ ಪಲ್ಸ್‌ನ ಅಳತೆ ಕೆಡುತ್ತದೆ. ಆಗ ‘ನೇರ’ ಅನ್ನುವುದೇ ಒಂದು ಕಡೆಗೆ ಜಾರುತ್ತದೆ.

ಇದಕ್ಕಿಂತ ಅಪಾಯದ ವಿಷಯ ಸಿಗ್ನಲ್ ಕಡಿದಾಗ ಆಗುವುದು. ಈಗಿನ ಸೆಟ್‌ಗಳಲ್ಲಿ ಸಿಗ್ನಲ್ ಹೋದರೆ ಮೋಟಾರ್ ನಿಲ್ಲುವಂತೆ ಮಾಡಬಹುದು. ಸರಳ ಪಲ್ಸ್ ಸೆಟ್‌ನಲ್ಲಿ ಸಿಗ್ನಲ್ ಇಲ್ಲ ಅಂದರೆ ‘ಪೂರ್ತಿ ಒಂದು ಕಡೆ’ ಅಂತಲೇ ಅರ್ಥ. ರಡ್ಡರ್ ಅಲ್ಲೇ ಅಂಟಿಕೊಳ್ಳುತ್ತದೆ, ಮೋಟಾರ್ ಓಡುತ್ತಲೇ ಇರುತ್ತದೆ. ನನ್ನ ವಿಮಾನ ಸುರುಳಿ ಸುತ್ತಿ ಬಿದ್ದದ್ದು ಹೀಗೆ.

ಸಿಗ್ನಲ್ ಕಡಿದದ್ದು ಯಾಕೆ? ಅಂದಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಗ್ಲೋ ಅಥವಾ ಡೀಸೆಲ್ ಎಂಜಿನ್ ಇರುತ್ತಿತ್ತು. ಅವುಗಳಲ್ಲಿ ವಿದ್ಯುತ್ ಕಿಡಿಯೇ ಇಲ್ಲ. ಪುಟ್ಟ ವಿಮಾನದಲ್ಲಿ ಬ್ರಷ್ ಮೋಟಾರ್ ರಿಸೀವರ್‌ನ ಮಗ್ಗುಲಲ್ಲೇ ಕೂತು ಕಿಡಿ ಹಾರಿಸುತ್ತದೆ. ಈ ಹಳೇ ಸೆಟ್‌ನಲ್ಲಿದ್ದ ಸೂಪರ್ ರೀಜೆನರೇಟಿವ್ ಅನ್ನುವ ಸರಳ ಬಗೆಯ ರಿಸೀವರ್ ಆ ಗದ್ದಲವನ್ನೂ ಸಿಗ್ನಲ್ಲನ್ನೂ ಒಟ್ಟಿಗೇ ನುಂಗುತ್ತದೆ. ಹತ್ತಿರದಲ್ಲಿ ಬೇರೆ ಯಾರಾದರೂ 27 ಮೆಗಾಹರ್ಟ್ಸ್‌ನ ಆಟಿಕೆ ಆಡಿಸುತ್ತಿದ್ದರೆ ಅದನ್ನೂ ಕೇಳಿಸಿಕೊಳ್ಳುತ್ತದೆ. ಜೊತೆಗೆ ಮಾರಿದವರು ಜಾಗ ಸಾಲದೆ ಆಂಟೆನಾ ವೈರನ್ನು ಕತ್ತರಿಸಿದ್ದರು. ಈ ಬಗೆಯ ರಿಸೀವರ್‌ನಲ್ಲಿ ಆಂಟೆನಾದ ಉದ್ದ ಬದಲಾದರೆ ಟ್ಯೂನಿಂಗ್ ಕೂಡ ಜರುಗುತ್ತದೆ. ಮತ್ತೆ ಟ್ಯೂನ್ ಮಾಡಿರಲಿಲ್ಲ. ವಿಡಿಯೋದಲ್ಲಿ ಟ್ರಾನ್ಸ್‌ಮಿಟರ್ ಪಕ್ಕದಲ್ಲೇ ಇತ್ತು, ಮೋಟಾರ್ ನಿಂತಿತ್ತು. ಹಾಗಿದ್ದಾಗ ಯಾವ ಸೆಟ್ ಬೇಕಾದರೂ ಆಡುತ್ತದೆ.

ಬ್ಯಾಟರಿಯದ್ದು ಬೇರೆ ಕಥೆ. ಎರಡು ನಿಕಲ್ ಕ್ಯಾಡ್ಮಿಯಂ ಸೆಲ್‌ಗೆ, ಅಂದರೆ 2.4 ವೋಲ್ಟ್‌ಗೆ ಸುತ್ತಿದ, ರಡ್ಡರ್ ಆಡಿಸುವ ಕಾಯಿಲ್‌ಗೆ (ತಂತಿ ಸುರುಳಿಗೆ) ಒಂದು ಲಿಪೋ (ಲಿಥಿಯಂ ಪಾಲಿಮರ್) ಸೆಲ್ಲನ್ನು ನೇರವಾಗಿ ಕೊಟ್ಟಿದ್ದರು. ಪೂರ್ತಿ ಚಾರ್ಜ್ ಆದ ಲಿಪೋ 4.2 ವೋಲ್ಟ್ ಕೊಡುತ್ತದೆ. ಕಾಯಿಲ್‌ನಲ್ಲಿ ಹುಟ್ಟುವ ಬಿಸಿ ಸುಮಾರು ಮೂರು ಪಟ್ಟು! ಕಾಯಿಲ್‌ನ ವಾರ್ನಿಶ್ ಕಂದಿತ್ತು.

ಇಂಥದ್ದನ್ನು ಕೊಳ್ಳಲೇಬೇಕು ಅನಿಸಿದರೆ ಇನ್ನೊಂದು ವಿಡಿಯೋ ಕೇಳಿ. ಮೋಟಾರ್ ಪೂರ್ತಿ ವೇಗದಲ್ಲಿರಬೇಕು, ಟ್ರಾನ್ಸ್‌ಮಿಟರ್ ಮೈದಾನದ ಆ ಕೊನೆಯಲ್ಲಿರಬೇಕು, ರಡ್ಡರ್ ಆಗಲೂ ಮಾತು ಕೇಳಬೇಕು. ಟ್ರಾನ್ಸ್‌ಮಿಟರ್ ಆಫ್ ಮಾಡಿದಾಗ ಏನಾಗುತ್ತದೆ ಅನ್ನುವುದನ್ನೂ ತೋರಿಸಲಿ. ನಾನು ಇದೇ ಪ್ರಶ್ನೆ ಕೇಳಿದ ಮೇಲೆ ಮಾರಿದವರಿಂದ ಉತ್ತರ ಬರಲಿಲ್ಲ.

ಹಳೇ ಸೆಟ್ ಮೇಲೆ ನನಗೆ ಪ್ರೀತಿ ಕಡಿಮೆಯಾಗಿಲ್ಲ. ಅದನ್ನು ಅದರ ಕಾಲದ ದೊಡ್ಡ, ನಿಧಾನದ ವಿಮಾನದಲ್ಲೇ ಹಾರಿಸಿ. ರೆಕ್ಕೆ ಮೇಲಕ್ಕೆ ಬಾಗಿರುವ, ಕೈಬಿಟ್ಟರೂ ತಾನೇ ತೇಲುವಂಥದ್ದು ಒಳ್ಳೆಯದು. ಪುಟ್ಟ ವಿಮಾನವೇ ಬೇಕು ಅಂದರೆ ಟ್ರಾನ್ಸ್‌ಮಿಟರ್‌ನ ಹಳೇ ಪೆಟ್ಟಿಗೆ, ಬೆರಳಿನಿಂದ ಆಡಿಸುವ ಹಳೇ ಕಡ್ಡಿ ಉಳಿಸಿಕೊಂಡು ಒಳಗೆ 2.4 ಗಿಗಾಹರ್ಟ್ಸ್ ಮಾಡ್ಯೂಲ್ ಕೂರಿಸಿ. ವಿಮಾನದಲ್ಲಿ ರಡ್ಡರ್ ಆಡಿಸಲು ಸಣ್ಣ ಕಾಯಿಲ್, ನಿಯೋಡಿಮಿಯಂ ಮ್ಯಾಗ್ನೆಟ್ ಇರಲಿ. ಪಲ್ಸ್ ಅಲ್ಲೂ ಇರುತ್ತದೆ, ಕಣ್ಣಿಗೆ ಕಾಣದಷ್ಟು ವೇಗವಾಗಿ.

ಈಗಾಗಲೇ ಇಂಥ ಸೆಟ್ ಕೊಂಡಿದ್ದೀರಾ? ಹಾಗಾದರೆ ಆನ್ ಮಾಡುವ ಮೊದಲು ಕೈಗವಸು ಹಾಕಿಕೊಂಡು ಬ್ಯಾಟರಿಯ ಮೈನಸ್ ವೈರ್ ತುದಿಯನ್ನು ಸ್ವಲ್ಪ ಸುಲಿದು ನೋಡಿ. ಸೋರಿದ ಹಳೇ ಸೆಲ್‌ನ ಕ್ಷಾರ ವೈರ್ ಒಳಗೇ ಹರಿದು ತಾಮ್ರವನ್ನು ಕಪ್ಪಾಗಿಸುತ್ತದೆ, ಹೊರಗಿನ ಪ್ಲಾಸ್ಟಿಕ್ ಹೊಸದರಂತೆ ಕಾಣುತ್ತಲೇ ಇರುತ್ತದೆ. ಕಪ್ಪಾಗಿದ್ದರೆ ಆ ವೈರನ್ನೂ ಸ್ವಿಚ್ಚನ್ನೂ ತೆಗೆದು ಹೊಸದು ಹಾಕಿ.