ಎರಡು ದಿನದ ಪ್ರವಾಸ: ಹಂಪಿಯೋ, ಬಾದಾಮಿಯೋ?

ಎರಡೇ ದಿನಗಳ ಬಿಡುವಿನಲ್ಲಿ ಮಾರ್ಗದರ್ಶಕರೊಡನೆ ಹಂಪಿಯನ್ನು ನೋಡಬೇಕೋ, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಬೇಕೋ ಎಂಬ ಪ್ರಶ್ನೆಗೆ ಉತ್ತರ, ನೀವು ಏನನ್ನು ಅರಿಯಲು ಬಯಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಹಂಪಿ ಒಂದು ಇಡೀ ರಾಜಧಾನಿಯ ಅವಶೇಷ. 1565ರ ಯುದ್ಧದ ಬಳಿಕ ಹಾಳಾದ ಆ ನಗರದ ಬಜಾರು, ಪುಷ್ಕರಿಣಿ, ಕಾಲುವೆ, ಗಜಶಾಲೆಗಳ ನಡುವೆ ನಡೆಯುವಾಗ ಜನಜೀವನವೇ ಕಣ್ಣಮುಂದೆ ಬರುತ್ತದೆ. ಬಾದಾಮಿಯ ಕಡೆ ಕಾಣುವುದು ದೇವಾಲಯ ವಾಸ್ತುವಿನ ಬೆಳವಣಿಗೆ: 578ರ ಶಾಸನವಿರುವ ಮೂರನೆಯ ಗುಹೆಯಿಂದ ಹೊರಟು, ಕವಿ ರವಿಕೀರ್ತಿಯ 634ರ ಶಾಸನವುಳ್ಳ ಐಹೊಳೆಯ ಮೇಗುಟಿ ಜೈನ ದೇವಾಲಯವನ್ನು ಕಂಡು, ಉತ್ತರದ ನಾಗರ ಮತ್ತು ದಕ್ಷಿಣದ ದ್ರಾವಿಡ ಶೈಲಿಯ ಶಿಖರಗಳು ಅಕ್ಕಪಕ್ಕದಲ್ಲೇ ನಿಂತಿರುವ ಪಟ್ಟದಕಲ್ಲಿಗೆ ಬಂದರೆ, ಚಾಲುಕ್ಯ ಶಿಲ್ಪಿಗಳ ಪ್ರಯೋಗಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಇಲ್ಲಿ ತಿಳಿದವರ ವಿವರಣೆಯಿಲ್ಲದೆ ಅರ್ಧ ಸೊಗಸು ಕೈತಪ್ಪುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಖರ್ಚಿನಲ್ಲಿ ಹಂಪಿಗೆ ಅನುಕೂಲ ಹೆಚ್ಚು. ಹೊಸಪೇಟೆಯಲ್ಲಿ ಎಲ್ಲ ದರದ ವಸತಿಗಳಿವೆ, ಬಸ್ಸೂ ಸಿಗುತ್ತದೆ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಐಹೊಳೆ ಇನ್ನೂ ಮುಂದೆ. ಒಂದೇ ದಿನದಲ್ಲಿ ನೋಡಲು ಬಾಡಿಗೆ ಕಾರು ಒಳ್ಳೆಯದು.

ಬಾದಾಮಿಯ ಗುಹೆಗಳಿಗೆ ಮೆಟ್ಟಿಲು ಹತ್ತಲೇಬೇಕು. ವಿಸ್ತಾರವಾದ ಹಂಪಿಯಲ್ಲಿ ಬಿಸಿಲಿನ ನಡಿಗೆ ದಣಿಸುತ್ತದೆಯಾದರೂ, ಹಿರಿಯರು ಜೊತೆಗಿದ್ದರೆ ಕೆಲವೇ ತಾಣಗಳನ್ನು ಆಯ್ದು ವಾಹನದಲ್ಲಿ ಸುತ್ತಬಹುದು. ಮಕ್ಕಳಿಗೂ ಹಂಪಿಯೇ ಹೆಚ್ಚು ಹಿಡಿಸೀತು. ಶಿಲ್ಪ, ಶಾಸನಗಳಲ್ಲಿ ಆಸಕ್ತಿಯುಳ್ಳವರು ಬಾದಾಮಿಯತ್ತ ಹೊರಡಲಿ, ಆದರೆ ಬೇಸಿಗೆಯಲ್ಲಿ ಬೇಡ.