ಮಕ್ಕಳಿಗೆ ಮಟ್ಟಿ ಕುಸ್ತಿಯೋ, ಗತ್ಕಾನೋ?

ಬೀದರ್‌ನಲ್ಲಿ ಮಕ್ಕಳಿಗೆ ದೇಸಿ ವಿದ್ಯೆ ಕಲಿಸಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಮಟ್ಟಿ ಕುಸ್ತಿ. ಗರಡಿಯ ಕೆಂಪು ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡುತ್ತಾರೆ. ಅಂಗಾತ ಬಿದ್ದರೂ ಪೆಟ್ಟು ಕಡಿಮೆ. ದಂಡ, ಬೈಠಕ್ ಹೊಡೆದು ತೊಡೆ, ಕುತ್ತಿಗೆ ಗಟ್ಟಿಯಾಗುತ್ತವೆ. ಮುಂದೆ ಮ್ಯಾಟ್ ಮೇಲಿನ ಕುಸ್ತಿಗೆ ಹೋಗಲೂ ಇದೇ ಬುನಾದಿ: 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಕೆ.ಡಿ. ಜಾಧವ್ ಮಣ್ಣಿನಲ್ಲೇ ಬೆಳೆದವರು. ಆದರೆ ಹಾಲು, ತುಪ್ಪ, ಬಾದಾಮಿಯ ಖರ್ಚಿಗೆ ಮನೆಯವರು ತಯಾರಿರಬೇಕು.

ಗತ್ಕಾ ಸಿಖ್ಖರ ಕೋಲುವರಸೆ. 1699ರ ಪಂಜ್ ಪ್ಯಾರೆಗಳಲ್ಲಿ (ಗುರು ಗೋಬಿಂದ್ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರಲ್ಲಿ) ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರೇ, ಹಾಗಾಗಿ ಅದೇನೂ ಪರಕೀಯವಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪುಟ್ಟ ಗುರಾಣಿ. ಹೆಜ್ಜೆಯ ಲಯವೇ ಜೀವಾಳ. ಮೈಕಟ್ಟು ಸಣ್ಣದಿದ್ದು ಚುರುಕಾಗಿರುವ ಮಕ್ಕಳಿಗೆ ಇದೇ ಸೈ. ನಾನಕ್ ಝೀರಾ ಗುರುದ್ವಾರದ ಹಿರಿಯರನ್ನು ಒಮ್ಮೆ ವಿಚಾರಿಸಿ.